ಬೆಳಗಾವಿಯಲ್ಲಿ ಲಾಡ್ಜ್ ರೂಮ್ ಹಿಡಿಯುವುದು ಹೇಗೆ: ಸೀರೆ ಗಂಟಿನ ಜೊತೆ ಬರುವವಳು ಹೇಳುವುದು

ಬೆಳಗಾವಿಗೆ ವ್ಯಾಪಾರಕ್ಕೆ ಬರುವ ಬಹಳ ಮಂದಿ ಬಸ್ಸಿಳಿದ ಕೂಡಲೇ ಎದುರಿಗೆ ಕಂಡ ಲಾಡ್ಜಿನ ಮೆಟ್ಟಿಲು ಹತ್ತುತ್ತಾರೆ. ಹಾಗೆ ಮಾಡಬೇಡಿ. ನಿಲ್ದಾಣದಲ್ಲೇ ಒಂದು ಚಹಾ ಕುಡಿಯಿರಿ. ನಾಳೆ ಬೆಳಿಗ್ಗೆ ಮೊದಲ ಕೆಲಸ ಯಾವ ಗಲ್ಲಿಯಲ್ಲಿದೆ ಅಂತ ಯೋಚಿಸಿ. ರೂಮ್ ಆ ಗಲ್ಲಿಗೆ ಹತ್ತಿರ ಇರಬೇಕು, ಬಸ್ ನಿಲ್ದಾಣಕ್ಕಲ್ಲ.

ನಾನು ಇಳಕಲ್ಲಿನವಳು. ಸೀರೆ ಗಂಟು ಕಟ್ಟಿಕೊಂಡು ಬಾಗಲಕೋಟೆ, ಲೋಕಾಪುರ, ಯರಗಟ್ಟಿ ದಾರಿಯಲ್ಲಿ ಬಸ್ಸಿಗೆ ಬರುತ್ತೇನೆ. 2023ರ ಜೂನ್‌ನಿಂದ ಹೆಂಗಸರಿಗೆ ಸಾದಾ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆದರೆ ಗಂಟು ದೊಡ್ಡದಿದ್ದರೆ ಕಂಡಕ್ಟರ್ ಲಗೇಜ್ ಚೀಟಿ ಹರಿದೇ ಹರಿಯುತ್ತಾರೆ. ಅಂಗಡಿಗಳಲ್ಲಿ ಸೀರೆ ಬಿಚ್ಚಿ ತೋರಿಸುವುದು, ದರ ಮಾತಾಡುವುದು, ಹಳೇ ಬಾಕಿ ಕೇಳುವುದು, ಇದೆಲ್ಲ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ರಾತ್ರಿ ಉಳಿಯಲೇಬೇಕು. ರೂಮಿಗೆ ನಾನು ಕೊಡುವುದು ₹700ರಿಂದ ₹1,000. ಆ ದುಡ್ಡಿಗೆ ಏನು ಸಿಗುತ್ತದೆ, ಏನು ಕೇಳಿ ಪಡೆಯಬೇಕು ಅನ್ನುವುದನ್ನು ಹೇಳುತ್ತೇನೆ.

ಮೊದಲು ಊರಿನ ದಿಕ್ಕು. ಕೇಂದ್ರ ಬಸ್ ನಿಲ್ದಾಣ ಕೋಟೆಯ ಹತ್ತಿರ ಇದೆ. ರೈಲ್ವೆ ಸ್ಟೇಷನ್ ಇನ್ನೊಂದು ಕಡೆ, ಗೋಗಟೆ ಸರ್ಕಲ್ ಹತ್ತಿರ. ಇವೆರಡರ ನಡುವೆ ಪೇಟೆ: ಖಡೇಬಜಾರ್, ಗಣಪತ್ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿ, ಕಿರ್ಲೋಸ್ಕರ್ ರೋಡ್. ಅಂಗಡಿ ಕೆಲಸದವರು ಈ ಪೇಟೆಯ ಅಂಚಿನಲ್ಲಿ ರೂಮ್ ಹಿಡಿಯಿರಿ. ಒಳಗಡೆ ಬೇಡ. ಸಂಜೆ ಆ ಗಲ್ಲಿಗಳಲ್ಲಿ ಮನುಷ್ಯರೇ ನುಗ್ಗುವುದು ಕಷ್ಟ, ಇನ್ನು ಗಂಟು ಇಟ್ಟುಕೊಂಡ ಆಟೋ ಎಲ್ಲಿ ನುಗ್ಗೀತು? ಕೋರ್ಟು, ಡಿಸಿ ಆಫೀಸಿನ ಕೆಲಸ ಇದ್ದರೆ ಚನ್ನಮ್ಮ ಸರ್ಕಲ್ ಹತ್ತಿರ ನೋಡಿ. ಕೆಎಲ್‌ಇ ಆಸ್ಪತ್ರೆಗೆ ಬಂದವರು ನೆಹರು ನಗರದ ಕಡೆ, ಉದ್ಯಮಬಾಗದ ಫೌಂಡ್ರಿಗಳಿಗೆ ಬಂದವರು ಟಿಳಕವಾಡಿ ಕಡೆ. ಟಿಳಕವಾಡಿಯಲ್ಲಿ ರೈಲು ಗೇಟು ಬಿದ್ದರೆ ಕಾಯಬೇಕು, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಮತ್ತೊಂದು ಮಾತು. ಖಡೇಬಜಾರ್ ಅಂತ ಶಹಾಪುರದಲ್ಲೂ ಒಂದಿದೆ. ಆಟೋದವರಿಗೆ "ಊರಾಗಿನ ಖಡೇಬಜಾರೋ, ಶಹಾಪುರದ್ದೋ" ಅಂತ ಮೊದಲೇ ಬಿಡಿಸಿ ಹೇಳಿ. ಇಲ್ಲಿ ಮೀಟರ್ ಆಸೆ ಇಟ್ಟುಕೊಳ್ಳಬೇಡಿ, ಕೂರುವ ಮುಂಚೆ ಬಾಡಿಗೆ ಮಾತಾಡಿ.

ಯಾವ ದಿನ ಬರುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತದೆ, ಸಾಮಾನ್ಯವಾಗಿ ಎರಡು ವಾರ. ಮಂತ್ರಿಗಳು, ಅಧಿಕಾರಿಗಳು, ಪೊಲೀಸರು, ಮನವಿ ಹಿಡಿದು ಬರುವವರು, ಹೋರಾಟಕ್ಕೆ ಬರುವವರು ಎಲ್ಲರಿಗೂ ರೂಮ್ ಬೇಕು. ಆ ಹೊತ್ತಿಗೆ ಸಣ್ಣ ಲಾಡ್ಜಿನಲ್ಲೂ ಜಾಗ ಇರುವುದಿಲ್ಲ, ಇದ್ದರೆ ದರ ಏರಿರುತ್ತದೆ. ನಾನಂತೂ ಆ ಎರಡು ವಾರ ಬೆಳಗಾವಿ ಕಡೆ ತಲೆ ಹಾಕುವುದಿಲ್ಲ. ನವೆಂಬರ್ 1ಕ್ಕೆ ರಾಜ್ಯೋತ್ಸವ. ಚನ್ನಮ್ಮ ಸರ್ಕಲ್ ಸುತ್ತ ಹಿಂದಿನ ರಾತ್ರಿಯಿಂದಲೇ ಜನಸಾಗರ, ಡಿಜೆ ಸದ್ದು. ನೋಡಲು ಚಂದ, ಮಲಗಲು ಕಷ್ಟ. ಅನಂತ ಚತುರ್ದಶಿಯ ಗಣಪತಿ ಮೆರವಣಿಗೆ ರಾತ್ರಿಯಿಡೀ ನಡೆದು ಮರುದಿನಕ್ಕೂ ಹೋಗುತ್ತದೆ. ಗಣಪತಿ ಬಿಡುವ ಕಪಿಲೇಶ್ವರ ಹೊಂಡದ ದಾರಿಯಲ್ಲಿ ರೂಮ್ ಹಿಡಿದರೆ ನಿದ್ದೆ ಮರೆತುಬಿಡಿ.

ಇನ್ನು ಒಬ್ಬಳೇ ಬರುವ ಹೆಂಗಸರ ವಿಷಯ. ಕೆಲವು ಲಾಡ್ಜಿನವರು ಒಂಟಿ ಹೆಂಗಸು ಅಂದರೆ ಮುಖ ತಿರುಗಿಸುತ್ತಾರೆ. ಕೊಡಬಾರದು ಅಂತ ಯಾವ ಕಾನೂನೂ ಇಲ್ಲ. ಆದರೆ ರಾತ್ರಿ ಎಂಟು ಗಂಟೆಗೆ ಗಂಟು ಹೊತ್ತುಕೊಂಡು ಕಾನೂನು ಮಾತಾಡುತ್ತಾ ನಿಲ್ಲುವ ತ್ರಾಣ ಯಾರಿಗಿರುತ್ತದೆ? ಹಾಗಾಗಿ ಹಿಂದಿನ ದಿನವೇ ಫೋನ್ ಮಾಡಿ ನೇರವಾಗಿ ಕೇಳಿಬಿಡುತ್ತೇನೆ: "ಅಣ್ಣಾರ, ನಾ ಒಬ್ಬಾಕೀನ ಅದೀನಿ. ಎರಡ ದಿನಕ್ಕ ರೂಮ್ ಕೊಡ್ತೀರೇನ್ರಿ?" "ಬರ್ರಿ ಅಕ್ಕಾರ, ಆಧಾರ್ ತರ್ರಿ" ಅಂತ ತಕ್ಷಣ ಅಂದರೆ ಅದು ಸರಿಯಾದ ಜಾಗ. "ಯಾಕ ಬರಾತೀರಿ? ಜೋಡಿ ಯಾರೂ ಇಲ್ಲೇನ್ರಿ?" ಅಂತ ಎಳೆದರೆ ಫೋನ್ ಇಟ್ಟು ಬೇರೆ ಕಡೆ ಮಾಡಿ. ಕೆಳಗೆ ಬಾರ್ ಇದ್ದು ಮೇಲೆ ರೂಮ್ ಇರುವ ಕಡೆ ನಾನು ಹೋಗುವುದಿಲ್ಲ. ಮಧ್ಯರಾತ್ರಿ ಯಾರೋ ತಪ್ಪು ಬಾಗಿಲು ಬಡಿಯುತ್ತಾರೆ. ಕುಟುಂಬದವರು ಇಳಿದುಕೊಳ್ಳುವ, ಕೆಳಗೆ ಊಟದ ಹೋಟೆಲ್ ಇರುವ ಲಾಡ್ಜ್ ವಾಸಿ.

ಕೌಂಟರಿನಲ್ಲಿ ಪುಸ್ತಕಕ್ಕೆ ಹೆಸರು ಬರೆಯುವ ಮುಂಚೆ ಕೆಲವು ಮಾತು ಕೇಳಿಬಿಡಬೇಕು. ದೊಡ್ಡದು ಚೆಕೌಟ್. ಕೆಲವು ಕಡೆ ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ. ಕೆಲವು ಕಡೆ ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕು. ಬೆಂಗಳೂರಿನಿಂದ ರಾತ್ರಿ ರೈಲಿಗೆ ಬಂದು ಬೆಳಿಗ್ಗೆ ಏಳಕ್ಕೆ ರೂಮ್ ಹಿಡಿಯುವವರಿಗೆ ಇದು ತುಂಬಾ ಮುಖ್ಯ. 12ರ ಲೆಕ್ಕದ ಲಾಡ್ಜಿನಲ್ಲಿ ಸ್ನಾನ ಮಾಡಿ ಕೂದಲು ಒಣಗುವುದರೊಳಗೆ ಒಂದು ದಿನದ ಬಾಡಿಗೆ ಮುಗಿದಿರುತ್ತದೆ. ಅಂಥವರು 24 ಗಂಟೆಯದ್ದನ್ನೇ ಹುಡುಕಿ. ನನ್ನ ಹಾಗೆ ಸಂಜೆ ಬರುವವರಿಗೂ ಅದೇ ಲಾಭ. ಮರುದಿನ ಪೇಟೆ ಕೆಲಸ ಮುಗಿಸಿ ಬಂದು ಸಂಜೆ ಖಾಲಿ ಮಾಡಬಹುದು.

ಎರಡನೆಯದು ಬಿಸಿನೀರು. "ಬಿಸಿನೀರು ಐತ್ರೀ" ಅಂದರೆ ಸಾಲದು. ಎಷ್ಟರಿಂದ ಎಷ್ಟಕ್ಕೆ? ಸೋಲಾರೋ, ಗೀಸರೋ, ಬಾಯ್ಲರೋ? ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಸಹ್ಯಾದ್ರಿಯ ಮಗ್ಗುಲು. ಜುಲೈ, ಆಗಸ್ಟಿನಲ್ಲಿ ದಿನಗಟ್ಟಲೆ ಜಿಟಿಜಿಟಿ ಮಳೆ, ಸೂರ್ಯನ ಮುಖ ಕಾಣುವುದಿಲ್ಲ. ಬರೀ ಸೋಲಾರ್ ನಂಬಿದ ಲಾಡ್ಜಿನಲ್ಲಿ ಆಗ ನಲ್ಲಿಯಿಂದ ಬರುವುದು ತಣ್ಣೀರೇ. ಮಳೆಗಾಲದಲ್ಲಿ ಗೀಸರ್ ಇರುವ ರೂಮನ್ನೇ ಕೇಳಿ, ಕೊಡುವ ಮುಂಚೆ ಸ್ವಿಚ್ ಹಾಕಿಸಿ ದೀಪ ಹತ್ತುತ್ತದೆಯೇ ನೋಡಿ.

ಎಸಿಗೆ ಇಲ್ಲಿ ದುಡ್ಡು ಹಾಕಬೇಡಿ. ಏಪ್ರಿಲ್ ಕೊನೆಯ ವಾರ ಬಿಟ್ಟರೆ ಫ್ಯಾನು ಸಾಕು. ವಿಜಯಪುರದ ಲೆಕ್ಕವೇ ಬೇರೆ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿಯಿಡೀ ಬಿಸಿ ಇಳಿಸುತ್ತದೆ. ಕೊನೆಯ ಮಹಡಿ ಬೇಡವೇ ಬೇಡ, ನಡುವಿನ ಮಹಡಿ ಕೇಳಿ, ಎಸಿಗೆ ಕೊಟ್ಟ ದುಡ್ಡು ಅಲ್ಲಿ ವಸೂಲಾಗುತ್ತದೆ. ಬೋರ್ ನೀರು ಬರುವ ಲಾಡ್ಜಾದರೆ ಸಾಬೂನು ನೊರೆ ಬರುವುದಿಲ್ಲ, ತಲೆಸ್ನಾನ ಮನೆಗೆ ಹೋಗಿ ಮಾಡಿ. ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ, ಆಗ ರೂಮ್ ಮೊದಲೇ ಹೇಳಿಡಬೇಕು. ಬಾಗಲಕೋಟೆಯಲ್ಲಿ ಹಳೇ ಊರಿನಲ್ಲಿ ಕೆಲಸವೋ, ನವನಗರದಲ್ಲೋ ನೋಡಿಕೊಳ್ಳಿ. ಎರಡರ ನಡುವೆ ಕಿಲೋಮೀಟರುಗಟ್ಟಲೆ ದೂರ.

ಮತ್ತೆ ಕೌಂಟರಿಗೆ ಬರೋಣ. "ಮೊದಲ ರೂಮ್ ನೋಡತೀನ್ರಿ, ಆಮ್ಯಾಲ ಬರೀತೀನಿ" ಅಂತ ನಗುತ್ತಲೇ ಹೇಳಿ ಹುಡುಗನ ಜೊತೆ ಮೇಲೆ ಹೋಗಿ. ರೂಮಿನಲ್ಲಿ ಮೊದಲು ನೋಡಬೇಕಾದದ್ದು ಹಾಸಿಗೆಯಲ್ಲ, ಬಚ್ಚಲು. ಫ್ಲಶ್ ಒತ್ತಿ. ನಲ್ಲಿ ಬಿಟ್ಟು ನೀರು ಹರಿದುಹೋಗುತ್ತದೆಯೇ, ನಿಲ್ಲುತ್ತದೆಯೇ ನೋಡಿ. ಗಬ್ಬು ವಾಸನೆ ಬಂದರೆ ರೂಮ್ ಕೆಟ್ಟದ್ದು ಅಂತ ಆಗಲೇ ತೀರ್ಮಾನಿಸಬೇಡಿ. ನೆಲದ ಜಾಲರಿಯ ಕೆಳಗೆ ಪೈಪು ಬಾಗಿರುವ ಕಡೆ ಸ್ವಲ್ಪ ನೀರು ನಿಂತಿರುತ್ತದೆ, ಅದೇ ಗಟಾರದ ಗಾಳಿಯನ್ನು ತಡೆಯುವುದು. ರೂಮ್ ಬಹಳ ದಿನ ಖಾಲಿ ಬಿದ್ದಿದ್ದರೆ ಆ ನೀರು ಆರಿ ವಾಸನೆಯೂ ಜಿರಳೆಯೂ ಮೇಲೆ ಬರುತ್ತವೆ. ಎರಡು ಚೆಂಬು ನೀರು ಹೊಯ್ದು ಸ್ವಲ್ಪ ಹೊತ್ತು ಕಾಯಿರಿ. ವಾಸನೆ ಹೋದರೆ ಸರಿ, ಹೋಗದಿದ್ದರೆ ಬೇರೆ ರೂಮ್ ಕೇಳಿ.

ಆಮೇಲೆ ತಿಗಣೆ. ಸೀರೆ ವ್ಯಾಪಾರದವರಿಗೆ ಇದರಷ್ಟು ದೊಡ್ಡ ವೈರಿ ಇಲ್ಲ. ಒಂದು ಗಂಟಿನೊಳಗೆ ಹೊಕ್ಕರೆ ಊರಿಗೂ ಬರುತ್ತದೆ, ಗಿರಾಕಿಯ ಅಂಗಡಿಗೂ ಹೋಗುತ್ತದೆ. ಬೆಡ್‌ಶೀಟ್ ಎತ್ತಿ, ಗಾದಿಯ ಹೊಲಿಗೆ ಸಾಲಿಗೆ, ಮಂಚದ ತಲೆಯ ಹಲಗೆಯ ಸಂದಿಗೆ ಮೊಬೈಲ್ ಟಾರ್ಚ್ ಬಿಡಿ. ಸಣ್ಣ ಕರಿ ಚುಕ್ಕೆಗಳು ಸಾಲಾಗಿ ಕಂಡರೆ ಮಾತೇ ಬೇಡ, ಕೆಳಗಿಳಿಯಿರಿ. ಏನೂ ಕಾಣದಿದ್ದರೂ ಗಂಟನ್ನು ಹಾಸಿಗೆಯ ಮೇಲೆ ಇಡಬೇಡಿ, ಟೇಬಲ್ ಮೇಲೆ ಇಡಿ. ಗೋಡೆಗೆ ತಾಗಿಸಿಯೂ ಇಡಬಾರದು. ಮಳೆಗಾಲದಲ್ಲಿ ಹೊರಗೋಡೆ ತೇವ ಕುಡಿದಿರುತ್ತದೆ, ಬಿಳಿ ಬೂಷ್ಟು ಬಂದಿರುತ್ತದೆ. ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ಆ ತೇವ ತಾಗಿದರೆ ಕಲೆ ಕೂತಂತೆಯೇ. ನಾನು ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಹಳೇ ಧೋತರ ಕಟ್ಟುತ್ತೇನೆ. ಒದ್ದೆ ಬಟ್ಟೆಯನ್ನು ಅದೇ ರೂಮಿನಲ್ಲಿ ಒಣಹಾಕುವುದಿಲ್ಲ, ಬಚ್ಚಲಲ್ಲಿ ಹಗ್ಗ ಕಟ್ಟಿ ಎಕ್ಸಾಸ್ಟ್ ಫ್ಯಾನ್ ಹಾಕಿಬಿಡುತ್ತೇನೆ. ಅದಕ್ಕೇ ಮಳೆಗಾಲದಲ್ಲಿ ಹೊರಗೆ ತೆರೆಯುವ ಕಿಟಕಿ, ಬಚ್ಚಲಿಗೆ ಎಕ್ಸಾಸ್ಟ್, ಇವೆರಡೂ ಇಲ್ಲದ ರೂಮ್ ಬೇಡ ಅನ್ನುತ್ತೇನೆ.

ಬಾಗಿಲಿನ ಒಳಗಿನ ಅಗಳಿ ಹಾಕಿ ತೆಗೆದು ನೋಡಿ. ಹಳೇ ಲಾಡ್ಜಾದರೆ ಹೊರಗೆ ಕೊಂಡಿ ಇರುತ್ತದೆ, ಸ್ವಂತ ಬೀಗ ತಂದು ಹಾಕಿಕೊಳ್ಳಬಹುದು. ರಸ್ತೆಯ ಬದಿ, ಲಿಫ್ಟಿನ ಪಕ್ಕ, ಜನರೇಟರ್ ಮೇಲಿನ ರೂಮು, ಮೂರನ್ನೂ ತಪ್ಪಿಸಿ, ಹಿಂಬದಿಯ ರೂಮ್ ಕೇಳಿ. ಕರೆಂಟ್ ಹೋದಾಗ ಫ್ಯಾನು ತಿರುಗುತ್ತದೆಯೋ, ಬರೀ ಲೈಟೋ ಅಂತಲೂ ಕೇಳಿಕೊಳ್ಳಿ. ಸೊಳ್ಳೆ ವಿಷಯ ಎಲ್ಲರಿಗೂ ಗೊತ್ತು, ಸಂಜೆ ಆರಕ್ಕೆ ಕಿಟಕಿ ಮುಚ್ಚಿ.

ಒಪ್ಪಿಗೆಯಾದರೆ ಹಾಸಿಗೆ ಬಟ್ಟೆ ಎದುರಿಗೇ ಬದಲಾಯಿಸಲು ಹೇಳಿ. ಸ್ವಚ್ಛ ಮಾಡುವ ಹೆಂಗಸನ್ನು ಮೌಶಿ (ಮರಾಠಿಯಲ್ಲಿ ಚಿಕ್ಕಮ್ಮ) ಅಂತಲೇ ಕರೆಯಿರಿ. ಮರಾಠಿ ಬರದಿದ್ದರೂ ನಡೆಯುತ್ತದೆ, ಇಲ್ಲಿಯವರಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ನಾಲಿಗೆಯ ಮೇಲೇ ಇರುತ್ತವೆ. ನಾನು ತೆಳುವಾದ ಕೌದಿಯೊಂದನ್ನು ಯಾವಾಗಲೂ ತರುತ್ತೇನೆ. ಲಾಡ್ಜಿನ ಕಂಬಳಿಯನ್ನು ಯಾವಾಗ ಒಗೆದರೋ ದೇವರಿಗೇ ಗೊತ್ತು.

ಗುರುತಿನ ಚೀಟಿ ಕೇಳುತ್ತಾರೆ, ಕೊಡಲೇಬೇಕು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಇಲ್ಲದಿದ್ದರೆ ವೋಟರ್ ಕಾರ್ಡ್ ಕೊಡಿ. ಜೆರಾಕ್ಸ್ ಮೇಲೆ "ಲಾಡ್ಜ್ ರೂಮಿಗಾಗಿ ಮಾತ್ರ" ಅಂತ ಅಡ್ಡಲಾಗಿ ಬರೆದು ತಾರೀಖು ಹಾಕಿ ಸಹಿ ಮಾಡಿ. ಮ್ಯಾನೇಜರ್ ಒಂದು ಸಲ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ. ಹುಡುಗ ಕೌಂಟರಿನಲ್ಲಿ ನಿಮ್ಮ ರೂಮ್ ನಂಬರ್ ಗಟ್ಟಿಯಾಗಿ ಕೂಗಿದರೆ "ಮೆಲ್ಲಕ ಹೇಳಪಾ ತಮ್ಮಾ" ಅನ್ನಿ. ತುರ್ತು ಸಹಾಯಕ್ಕೆ ಫೋನಿನಲ್ಲಿ 112 ಒತ್ತುವುದು ಗೊತ್ತಿರಲಿ.

ಊಟ ಲಾಡ್ಜಿನಿಂದ ತರಿಸಬೇಡಿ, ಹೊರಗೆ ಹೋಗಿ. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಉಂಡರೆ ರೂಮಿಗೆ ತರಿಸಿದ ಪನೀರಿಗಿಂತ ಅಗ್ಗ, ಹೊಟ್ಟೆಗೂ ಹಿತ. ಇಲ್ಲಿಯ ಸಿಹಿತಿಂಡಿ ಕುಂದಾ ಒಯ್ಯುವುದಾದರೆ ಹೊರಡುವ ದಿನ ಕೊಳ್ಳಿ. ಅದು ಹಾಲಿನದ್ದು, ರೂಮಿನಲ್ಲಿ ಇಟ್ಟು ಕೆಡಿಸಬೇಡಿ.

ಬಿಲ್ಲಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಿ. 2022ರ ಜುಲೈವರೆಗೆ ₹1,000ದೊಳಗಿನ ರೂಮಿಗೆ ತೆರಿಗೆ ಇರಲಿಲ್ಲ. ಆಮೇಲೆ 12% ಬಂತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ 5% ಆಗಿದೆ. ಅಂದರೆ ₹800ರ ರೂಮಿಗೆ ₹40, ಅದರಲ್ಲಿ ₹20 ಕೇಂದ್ರಕ್ಕೆ, ₹20 ರಾಜ್ಯಕ್ಕೆ. ಈಗಲೂ 12% ಹಾಕಿದ ಚೀಟಿ ಕೊಟ್ಟರೆ ತಿರುಗಿ ಕೊಡಿ. ಬಿಲ್ಲಿನ ಮೇಲೆ 15 ಅಕ್ಷರದ ಜಿಎಸ್‌ಟಿ ನಂಬರ್ ಇರಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ನಂಬರೇ ಇಲ್ಲದ ಸಣ್ಣ ಲಾಡ್ಜು ತೆರಿಗೆ ಅಂತ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಒಂದು ಕಡೆ ನನಗೆ ಬಿಳಿ ಹಾಳೆಯ ಮೇಲೆ ಕೈಬರಹದಲ್ಲಿ "ಟ್ಯಾಕ್ಸ್" ಅಂತ ಸೇರಿಸಿ ಕೊಟ್ಟಿದ್ದರು. ನಂಬರ್ ಬರೆದುಕೊಡಿ ಅಂದೆ, ಟ್ಯಾಕ್ಸ್ ತಾನೇ ಮಾಯವಾಯಿತು. ಮುಂಗಡ ಕೊಟ್ಟಿದ್ದರೆ ಅದರ ಚೀಟಿ ಜೋಪಾನವಾಗಿಡಿ. ರಾತ್ರಿ ಪಾಳಿಯವರು ತೆಗೆದುಕೊಂಡದ್ದು ಹಗಲಿನವರಿಗೆ ಗೊತ್ತಿರುವುದಿಲ್ಲ.

ರೂಮ್ ಖಾಲಿ ಮಾಡಿದ ಮೇಲೂ ಸಂಜೆಯವರೆಗೆ ಕೆಲಸ ಇದ್ದರೆ ಗಂಟನ್ನು ಕೌಂಟರಿನ ಹಿಂದೆ ಇಡಿಸಬಹುದು. ಹೆಚ್ಚಿನವರು ಇದಕ್ಕೆ ದುಡ್ಡು ಕೇಳುವುದಿಲ್ಲ. ಗಂಟಿಗೆ ಹೆಸರಿನ ಚೀಟಿ ಹೊಲಿದು, ಒಂದು ಫೋಟೋ ತೆಗೆದುಕೊಂಡು ಹೋಗಿ. ಹೊರಡುವಾಗ ಕೌಂಟರಿನ ಫೋನ್ ನಂಬರ್ ಬರೆದುಕೊಳ್ಳಿ. ಆ್ಯಪಿನಲ್ಲಿ ಬುಕ್ ಮಾಡಿದರೆ ಲಾಡ್ಜಿನವರು ಕಮಿಷನ್ ಕೊಡಬೇಕು, ನೇರವಾಗಿ ಫೋನ್ ಮಾಡಿದರೆ ಅದರಲ್ಲಿ ಸ್ವಲ್ಪ ಬಿಡಲು ಅವರಿಗೂ ಅಡ್ಡಿಯಿಲ್ಲ. ಮುಂದಿನ ಸಲ "ಹೋದ ಸಲ ಎರಡನೇ ಮಹಡಿ ಹಿಂದಿನ ರೂಮಿನಾಗ ಇದ್ದೆ, ಇಳಕಲ್ ಸೀರಿಯಾಕಿ" ಅಂದರೆ ಸಾಕು. ಅದು ಖಾಲಿ ಇದ್ದರೆ ಅದನ್ನೇ ಹಿಡಿದಿಡುತ್ತಾರೆ, ಗೀಸರ್ ಮಾತ್ರ ಮತ್ತೆ ನೀವೇ ನೋಡಿಕೊಳ್ಳಿ.