ಹಳೆಯ ಕಂಪ್ಯೂಟರನ್ನು ಎಚ್‌ಡಿ ಟಿ.ವಿ.ಗೆ ಜೋಡಿಸುವ ಬಗೆ

ಹಳೆಯ ಕಂಪ್ಯೂಟರನ್ನು ಎಚ್‌ಡಿ ಟಿ.ವಿ.ಗೆ ಜೋಡಿಸಲು ಹೊರಟವರು ಕೇಬಲ್ ಕೊಳ್ಳುವ ಮೊದಲು ಕಂಪ್ಯೂಟರಿನ ಹಿಂಬದಿಯಲ್ಲಿ ಯಾವ ಪೋರ್ಟ್ ಇದೆ ಎಂಬುದನ್ನು ನೋಡಿಕೊಳ್ಳಬೇಕು. ಮುಂದಿನ ಖರ್ಚು, ಶ್ರಮ ಎರಡೂ ಅದನ್ನೇ ಅವಲಂಬಿಸಿವೆ. ಮೂರು ಸಾಲುಗಳಲ್ಲಿ 15 ರಂಧ್ರಗಳಿರುವ, ಬಹುಮಟ್ಟಿಗೆ ನೀಲಿ ಬಣ್ಣದ ಪೋರ್ಟ್ ವಿಜಿಎ. ಐಬಿಎಂ 1987ರಲ್ಲಿ ಬಳಕೆಗೆ ತಂದ ಇದು ಚಿತ್ರವನ್ನು ಅನಲಾಗ್ ಸಂಕೇತವಾಗಿ ಕಳಿಸುತ್ತದೆ. ಅದಕ್ಕಿಂತ ಅಗಲವಾದ, ಸಾಮಾನ್ಯವಾಗಿ ಬಿಳಿ ಬಣ್ಣದ ಪೋರ್ಟ್ ಡಿವಿಐ.

ಡಿವಿಐ ಇದ್ದರೆ ಕೆಲಸ ಹಗುರ. ಅದರ ಬಗೆಗಳಾದ ಡಿವಿಐ-ಡಿ, ಡಿವಿಐ-ಐ ಎರಡೂ ಎಚ್‌ಡಿಎಂಐಗೆ (ಎಚ್‌ಡಿ ಟಿ.ವಿ.ಗಳಲ್ಲಿರುವ, ಚಿತ್ರ ಹಾಗೂ ಧ್ವನಿಯನ್ನು ಪಡೆಯುವ ಡಿಜಿಟಲ್ ಪೋರ್ಟ್) ಹೊಂದುವ ಡಿಜಿಟಲ್ ಸಂಕೇತವನ್ನೇ ಕೊಡುವುದರಿಂದ, ಒಂದು ತುದಿಯಲ್ಲಿ ಡಿವಿಐ, ಇನ್ನೊಂದರಲ್ಲಿ ಎಚ್‌ಡಿಎಂಐ ಪ್ಲಗ್ ಇರುವ ಸಾದಾ ಕೇಬಲ್ ಸಾಕು.

ವಿಜಿಎ ಮಾತ್ರ ಇದ್ದಲ್ಲಿ ಟಿ.ವಿ.ಯ ಹಿಂಬದಿಯನ್ನೂ ಪರೀಕ್ಷಿಸಿ. ಕೆಲವು ವರ್ಷ ಹಿಂದಿನ ಅನೇಕ ಟಿ.ವಿ.ಗಳಲ್ಲಿ ‘ಪಿಸಿ ಇನ್’ ಎಂಬ ಹೆಸರಿನ ವಿಜಿಎ ಪೋರ್ಟ್ ಇರುತ್ತದೆ. ಅದು ಸಿಕ್ಕರೆ ಮಾನಿಟರಿನ ಕೇಬಲನ್ನೇ ಅಲ್ಲಿಗೆ ಹಾಕಬಹುದು. ಇಲ್ಲದಿದ್ದರೆ ಕನ್ವರ್ಟರ್ ಬೇಕು, ಹೆಚ್ಚಿನವರ ಹಣ ಪೋಲಾಗುವುದು ಇಲ್ಲಿಯೇ. ಎರಡು ತುದಿಗೆ ಎರಡು ಬಗೆಯ ಪ್ಲಗ್ ಕೂಡಿಸಿದ ಬರಿಯ ತಂತಿಯನ್ನು ನಾನೂ ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ತಂದಿದ್ದೆ. ಪರದೆಯ ಮೇಲೆ ಏನೂ ಮೂಡಲಿಲ್ಲ. ಅನಲಾಗ್ ಸಂಕೇತವನ್ನು ಡಿಜಿಟಲ್‌ಗೆ ಬದಲಾಯಿಸಲು ಒಳಗೆ ಸರ್ಕ್ಯೂಟ್ ಇರಲೇಬೇಕು, ಅದಕ್ಕೆ ವಿದ್ಯುತ್ತೂ ಬೇಕು. ಆದ್ದರಿಂದ ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ, 3.5 ಮಿ.ಮೀ. ಆಡಿಯೊ ತಂತಿಯೂ ಇರುವ ಕನ್ವರ್ಟರನ್ನು ಆರಿಸಿ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಾಯಿಸುವ ಸಾಧನ ನೋಡಲು ಹೆಚ್ಚುಕಡಿಮೆ ಹೀಗೆಯೇ ಇದ್ದರೂ ಅದನ್ನು ತಿರುಗುಮುರುಗಾಗಿ ಬಳಸಲಾಗದು. ಪೊಟ್ಟಣದ ಮೇಲೆ ‘ವಿಜಿಎಯಿಂದ ಎಚ್‌ಡಿಎಂಐಗೆ’ ಎಂಬ ಕ್ರಮವಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ವಿಜಿಎಯಲ್ಲಿ ಧ್ವನಿ ಹರಿಯುವುದಿಲ್ಲ, ಹಳೆಯ ಯಂತ್ರಗಳ ಡಿವಿಐಯಲ್ಲೂ ಸಾಮಾನ್ಯವಾಗಿ ಇಲ್ಲ. ಕಂಪ್ಯೂಟರಿನ ಹಸಿರು ಜ್ಯಾಕಿನಿಂದ ಕನ್ವರ್ಟರಿಗೋ ಟಿ.ವಿ.ಯ ಆಡಿಯೊ ಇನ್‌ಪುಟ್‌ಗೋ ಬೇರೆ ತಂತಿ ಎಳೆಯಬೇಕು. ಸ್ಪೀಕರ್ ಇದ್ದವರು ಅದನ್ನೇ ನೇರವಾಗಿ ಬಳಸುವುದು ಸುಲಭ.

ಟಿ.ವಿ., ಕಂಪ್ಯೂಟರ್ ಎರಡನ್ನೂ ಆಫ್ ಮಾಡಿ ತಂತಿಗಳನ್ನು ಜೋಡಿಸಿ, ವಿಜಿಎ ಪ್ಲಗ್ಗಿನ ಎರಡೂ ತಿರುಪುಗಳನ್ನು ಕೈಯಿಂದ ಬಿಗಿಮಾಡಿ. ಮೊದಲು ಟಿ.ವಿ.ಯನ್ನು ಆನ್ ಮಾಡಿ, ರಿಮೋಟಿನಿಂದ ಸರಿಯಾದ ಇನ್‌ಪುಟ್ ಆರಿಸಿದ ಮೇಲೆ ಕಂಪ್ಯೂಟರನ್ನು ಆನ್ ಮಾಡಿ. ವಿಂಡೋಸ್ 7 ಇದ್ದರೆ ವಿಂಡೋಸ್ ಕೀ ಜೊತೆಗೆ ಪಿ ಅಕ್ಷರವನ್ನು ಒತ್ತಿದಾಗ ಪರದೆಯ ಆಯ್ಕೆಗಳು ತೆರೆಯುತ್ತವೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಡೆಸ್ಕ್‌ಟಾಪಿನ ಖಾಲಿ ಜಾಗದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಬಳಿಕ ಸೆಟ್ಟಿಂಗ್ಸ್ ತೆರೆಯಬೇಕು.

ರೆಸಲ್ಯೂಶನ್, ಅಂದರೆ ಚಿತ್ರದ ಅಡ್ಡ ಮತ್ತು ಉದ್ದ ಚುಕ್ಕೆಗಳ ಸಂಖ್ಯೆ, ಟಿ.ವಿ.ಯ ಪರದೆಗೆ ಹೊಂದದಿದ್ದರೆ ಅಕ್ಷರಗಳು ಮಸುಕಾಗುತ್ತವೆ. ಫುಲ್ ಎಚ್‌ಡಿಗೆ 1920×1080 ಆರಿಸಿ. ಎಚ್‌ಡಿ ರೆಡಿ ಟಿ.ವಿ.ಗಳಲ್ಲಿ ಅನೇಕದರದು 1366×768, ಆ ಸಂಖ್ಯೆ ಪಟ್ಟಿಯಲ್ಲಿ ಕಾಣದಿದ್ದರೆ 1360×768 ಸಾಕು. ರಿಫ್ರೆಶ್ ರೇಟ್ (ಸೆಕೆಂಡಿಗೆ ಚಿತ್ರ ಹೊಸದಾಗಿ ಮೂಡುವ ಸಲ) 60 ಹರ್ಟ್ಸ್ ಇರಲಿ. ಟಾಸ್ಕ್‌ಬಾರ್ ಪರದೆಯ ಅಂಚಿನಾಚೆ ಮರೆಯಾದರೆ ತಪ್ಪು ಕಂಪ್ಯೂಟರಿನದಲ್ಲ, ಟಿ.ವಿ. ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಕತ್ತರಿಸುತ್ತಿರುತ್ತದೆ. ಪಿಕ್ಚರ್ ಸೈಜ್ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಆರಿಸಿದರೆ ಇಡೀ ಡೆಸ್ಕ್‌ಟಾಪ್ ಒಳಗೆ ಬರುತ್ತದೆ.