ಹಳೇ ಕಾಲೇಜು ಕಟ್ಟಡಕ್ಕೆ ರ‍್ಯಾಂಪ್: ನನ್ನ ಅನುಭವ

ಕಾಲೇಜುಗಳಲ್ಲಿ ರ‍್ಯಾಂಪ್ ಹಾಕಿಸುವಾಗ ನಾನು ಮೊದಲು ಹಿಡಿಯುವುದು ಎರಡು ಜಾಗಗಳ ಎತ್ತರದ ವ್ಯತ್ಯಾಸ ತೋರಿಸುವ, ನೀರು ತುಂಬಿದ ಟ್ಯೂಬ್ ಲೆವೆಲ್. ಮೆಟ್ಟಿಲು ಎಣಿಸಿ ಎತ್ತರ ಹೇಳಿಬಿಟ್ಟರೆ ಅಂಗಳದ ಇಳಿಜಾರು ಲೆಕ್ಕ ತಪ್ಪಿಸುತ್ತದೆ. ಸಿಕ್ಕ ಎತ್ತರವನ್ನು 12ರಿಂದ ಗುಣಿಸಿದರೆ ರ‍್ಯಾಂಪಿನ ಉದ್ದ ಸಿಗುತ್ತದೆ. ಜಗಲಿ 45 ಸೆಂ.ಮೀ. ಇದ್ದರೆ 5.4 ಮೀಟರ್ ಉದ್ದ ಬೇಕೇ ಬೇಕು. ‘ಇಷ್ಟೇ ಜಾಗ ಇರೋದು ಸಾರ್’ ಎಂದು ಮೇಸ್ತ್ರಿ 3 ಮೀಟರಿಗೆ ಮುಗಿಸಲು ಹೊರಟರೆ ಒಪ್ಪಬೇಡಿ. ಅಂಥ ಕಡಿದಾದ ಏರಿನಲ್ಲಿ ಚಕ್ರಕ್ಕೆ ಕೈ ಕೊಟ್ಟು ತಳ್ಳುವಾಗ ಮುಂದಿನ ಪುಟ್ಟ ಗಾಲಿಗಳು ಎದ್ದು, ವೀಲ್‌ಚೇರ್ ಹಿಂದಕ್ಕೆ ಮಗುಚಬಹುದು. ಜಾಗ ಸಾಲದಿದ್ದರೆ ರ‍್ಯಾಂಪನ್ನು ತಿರುಗಿಸಿ. ತಿರುವಿನಲ್ಲೂ ಬಾಗಿಲ ಮುಂದೆಯೂ ಒಂದೂವರೆ ಮೀಟರ್ ಚೌಕದ ಸಮತಟ್ಟು ಬಿಡಿ.

ಕಾಂಕ್ರೀಟ್ ಹಸಿಯಿರುವಾಗಲೇ ಪರೀಕ್ಷಿಸಲು 120 ಸೆಂ.ಮೀ. ಉದ್ದದ ನೇರ ಪಟ್ಟಿ ಸಾಕು. ಮೇಲ್ತುದಿಯನ್ನು ಏರಿನ ಮೇಲಿಟ್ಟು, ಸ್ಪಿರಿಟ್ ಲೆವೆಲ್ ನೋಡಿ ಪಟ್ಟಿಯನ್ನು ಮಟ್ಟಮಾಡಿ, ಕೆಳತುದಿಯ ಸಂದು ಅಳೆಯಿರಿ. 10 ಸೆಂ.ಮೀ. ದಾಟಿದರೆ ಅಲ್ಲೇ ತಿದ್ದಿಸಿ.

ತಳಕ್ಕೆ ತುಂಬಿದ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ಗಟ್ಟಿಯಾಗಿ ದಿಮ್ಮಸು ಹೊಡೆಸಬೇಕು. ಇಲ್ಲವಾದರೆ ಮಳೆಗಾಲ ಕಳೆಯುವಷ್ಟರಲ್ಲಿ ರ‍್ಯಾಂಪ್ ಕುಸಿದು, ಜಗಲಿ ಸೇರುವ ಕಡೆ ಒಂದು ಅಂಚು ಏಳುತ್ತದೆ. ಎರಡು ಸೆಂ.ಮೀ. ಅಂಚಾದರೂ ಪುಟ್ಟ ಗಾಲಿ ಅದಕ್ಕೆ ಬಡಿದು ನಿಂತುಬಿಡುತ್ತದೆ, ಕುಳಿತವರು ಮುಂದಕ್ಕೆ ಬೀಳುತ್ತಾರೆ. ಉಳಿದ ಗ್ರಾನೈಟ್ ಹಾಸಿ ಅಂದ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಪಾಲಿಶ್ ಕಲ್ಲಿನ ಮೇಲೆ ಒದ್ದೆಯಲ್ಲಿ ಊರುಗೋಲು ಜಾರುತ್ತದೆ, ಖಂಡಿತ ಬೇಡ. ಸಿಮೆಂಟಿನ ಮೇಲೆ ಅಡ್ಡಡ್ಡ ಪೊರಕೆ ಎಳೆಸಿದರೆ ಹಿಡಿತ ಸಿಗುತ್ತದೆ, ಖರ್ಚೂ ಇಲ್ಲ.

ಅಗಲ ಕನಿಷ್ಠ 1.2 ಮೀಟರ್. ಗಾಲಿ ಜಾರಿ ಹೊರಬೀಳದಂತೆ ಎರಡೂ ಅಂಚಿಗೆ 10 ಸೆಂ.ಮೀ. ಕಟ್ಟೆ. ಕೈಹಿಡಿ ಪೈಪು ಎರಡು ಸಾಲು, 76 ಮತ್ತು 90 ಸೆಂ.ಮೀ. ಎತ್ತರದಲ್ಲಿ, ರ‍್ಯಾಂಪ್ ಮುಗಿದ ಮೇಲೂ 30 ಸೆಂ.ಮೀ. ಮುಂದುವರಿಯಲಿ, ಏಕೆಂದರೆ ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ) ಹಾಕಿದವರಿಗೆ ಕೊನೆಯ ಹೆಜ್ಜೆಯಲ್ಲೇ ಆಸರೆ ಬೇಕಾಗುವುದು. ಪೈಪಿನ ತುದಿ ಬಾಗಿಸದಿದ್ದರೆ ದುಪಟ್ಟಾ, ಬ್ಯಾಗು ಸಿಕ್ಕಿಕೊಳ್ಳುತ್ತವೆ.

ಇಷ್ಟಾದ ಮೇಲೂ ಗೇಟಿನಿಂದ ಬೆಂಚಿನವರೆಗೆ ಖಾಲಿ ವೀಲ್‌ಚೇರ್ ತಳ್ಳಿಕೊಂಡು ಹೋಗಿ ನೋಡುತ್ತೇನೆ. ಬೈಕ್ ತಡೆಯಲು ನೆಟ್ಟ ಕಂಬಗಳ ನಡುವೆ 90 ಸೆಂ.ಮೀ. ಇದೆಯೇ? ಚರಂಡಿಯ ಜಾಲರಿಯ ಸಂದುಗಳು ನಡೆಯುವ ದಿಕ್ಕಿಗೆ ಅಡ್ಡವಾಗಿವೆಯೇ? ಶೌಚಾಲಯದ ಬಾಗಿಲು ಒಳಕ್ಕೆ ತೆರೆದರೆ ವೀಲ್‌ಚೇರ್ ಒಳಗಿಟ್ಟು ಬಾಗಿಲು ಹಾಕಲಾಗುವುದಿಲ್ಲ. ಅದನ್ನು ಹೊರಕ್ಕೆ ತೆರೆಯುವಂತೆ ತಿರುಗಿಸುವುದು ಬಡಗಿಗೆ ಅರ್ಧ ದಿನದ ಕೆಲಸ. ಎಷ್ಟೋ ಕಡೆ ಅದೇ ಕೋಣೆಯಲ್ಲಿ ಬಕೆಟ್, ಫಿನಾಯಿಲ್ ತುಂಬಿ ಬೀಗ ಹಾಕಿರುತ್ತಾರೆ. ಬೀಗ ತೆಗೆಸದೆ ಕೆಲಸ ಮುಗಿಯಿತೆಂದು ನಾನು ಸಹಿ ಹಾಕುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ 5% ಸೀಟು ಮೀಸಲಿಟ್ಟಿದೆ. ಸೀಟು ಕೊಟ್ಟು ಕ್ಲಾಸನ್ನು ಎರಡನೇ ಮಹಡಿಯಲ್ಲಿಟ್ಟರೆ ಅದು ಅನ್ಯಾಯ. ಲಿಫ್ಟಿನ ಹಣ ಮಂಜೂರಾಗುವವರೆಗೆ ಕಾಯಬೇಕಿಲ್ಲ. ದಾಖಲಾತಿ ಮುಗಿದ ಕೂಡಲೇ ಪಟ್ಟಿ ತೆಗೆದುಕೊಂಡು, ಟೈಮ್‌ಟೇಬಲ್ ಅಂತಿಮವಾಗುವ ಮೊದಲೇ ಆ ವಿದ್ಯಾರ್ಥಿಗಳ ತರಗತಿ, ಲ್ಯಾಬು, ಪರೀಕ್ಷಾ ಕೊಠಡಿಗಳನ್ನು ನೆಲಮಹಡಿಗೆ ಹಾಕಿಸಿ.