4.35 ಅನ್ನು 4.35 ಆಗಿಯೇ ಉಳಿಸಿದ್ದು: ನನ್ನ ಅನುಭವ

ಗೋಣಿಕೊಪ್ಪದ ಒಂದು ಕಾಫಿ ಗೋದಾಮಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟು ಮೂರು ಕುಯ್ಲು ಆಯ್ತು. ಈ ಸಲ ಲೆಕ್ಕ ಒಂದು ಪೈಸೆಯೂ ಬಿಡದೆ ತಾಳೆಯಾಗಿದೆ. ದಶಾಂಶ ಸಂಖ್ಯೆ ಇಡಲು ಎರಡು ದಾರಿ: ಫ್ಲೋಟ್ ಅಂದರೆ ಕಂಪ್ಯೂಟರ್ ತನ್ನ ದ್ವಿಮಾನದಲ್ಲಿ ಇಡುವ ಹತ್ತಿರದ ಬೆಲೆ, ಡೆಸಿಮಲ್ ಅಂದರೆ ಬರೆದ ಅಂಕಿ ಹಾಗೆಯೇ. ‘ಫ್ಲೋಟ್ ಸಾಕು, ಡೆಸಿಮಲ್ ಹಾಕಿದ್ರೆ ನಿಧಾನ ಆಗುತ್ತೆ’ ಎಂದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಪೆಟ್ಟು ಬಿದ್ದದ್ದು ಹಲ್ಲಿಂಗ್ (ಕಾಫಿಯ ಸಿಪ್ಪೆ ಬಿಡಿಸುವ) ಕೂಲಿಯಲ್ಲಿ. ಕೆ.ಜಿ.ಗೆ 4.35 ರೂಪಾಯಿ. 100ರಿಂದ ಗುಣಿಸಿ, ಇಂಟ್ (ದಶಾಂಶ ಭಾಗವನ್ನು ಕತ್ತರಿಸುವ ಆದೇಶ) ಹಾಕಿ ಪೈಸೆ ಮಾಡಿದ್ದೆ. ನಾನು ಬಳಸುವ ಪ್ರೋಗ್ರಾಂ ಭಾಷೆ ಪೈಥಾನ್ ಕೊಡುವ ಗುಣಲಬ್ಧ 434.99999999999994. ಇಂಟ್ ಹಾಕಿದರೆ 434. ಕೆ.ಜಿ.ಗೆ ಒಂದು ಪೈಸೆ, 50 ಕೆ.ಜಿ. ಮೂಟೆಗೆ ಎಂಟಾಣೆ. ಸುಮಾರು 1800 ಮೂಟೆ ಮುಗಿಯುವಾಗ 900 ರೂಪಾಯಿ ಖೋತಾ. ‘ದುಡ್ಡು ದೊಡ್ಡದಲ್ಲ ಮಾರಾಯ, ಎಲ್ಲಿ ಹೋಯ್ತು ಹೇಳು’ ಎಂದರು ಮಾಲೀಕರು. ಹೇಳಲು ನನಗೆ ಹತ್ತು ಹನ್ನೊಂದು ದಿನ ಬೇಕಾಯ್ತು. ದುಡ್ಡನ್ನು ನಾನೇ ಕಟ್ಟಿದೆ.

ಆಮೇಲೆ ಎಲ್ಲ ಕಡೆ ರೌಂಡ್ ಹಾಕಿದೆ. 2.68 ಆಗಬೇಕಿದ್ದ 2.675 ಹೋಗಿ 2.67 ಆಯ್ತು! ಸರಿ, ಫ್ಲೋಟನ್ನು ಡೆಸಿಮಲ್ ಒಳಗೆ ಸುತ್ತಿದೆ. ಪ್ರಿಂಟ್ ಮಾಡಿ ನೋಡಿದರೆ 2.67499999999999982 ಅಂತ ಉದ್ದದ ಬಾಲ. ಆಗ ತಿಳೀತು, ಓದುವಾಗಲೇ ಕೆಟ್ಟ ಸಂಖ್ಯೆಗೆ ಆಮೇಲೆ ಮದ್ದಿಲ್ಲ.

ತೂಕದ ಯಂತ್ರದಿಂದ ಮಾಹಿತಿ ಬರುವುದು ಜೇಸನ್ ಅನ್ನುವ ಪಠ್ಯ ರೂಪದಲ್ಲಿ. ಅದನ್ನು ಓದುವ ಲೋಡ್ಸ್ ಆದೇಶ ಕರೆಯುವಾಗ ಪಾರ್ಸ್‌ಫ್ಲೋಟ್ (ದಶಾಂಶ ಅಂಕಿಯನ್ನು ಏನಾಗಿ ಓದಬೇಕು ಅನ್ನುವ ಆಯ್ಕೆ) ಜಾಗಕ್ಕೆ ಡೆಸಿಮಲ್ ಕೊಟ್ಟೆ, ಪೂರ್ಣಾಂಕದ ಪಾರ್ಸ್‌ಇಂಟ್‌ಗೂ ಅದನ್ನೇ. ಅಂಕಿ ಅಕ್ಷರದಿಂದ ನೇರ ಡೆಸಿಮಲ್ ಆಗುತ್ತದೆ, ನಡುವೆ ಫ್ಲೋಟ್ ಇಲ್ಲ. ಪಾಂಡಾಸ್‌ನಲ್ಲಿ (ಪಟ್ಟಿ ಓದುವ ಪೈಥಾನ್ ಉಪಕರಣ) ಸಿಎಸ್‌ವಿ ಫೈಲಿನ ಕಾಲಂಗಳನ್ನು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳಾಗಿಯೇ ಓದಿದೆ. ಔಟ್‌ಟರ್ನ್ (ಒಂದು ಮೂಟೆ ಕಾಫಿಯಿಂದ ಸಿಗುವ ಬೀಜದ ತೂಕ) 26.50 ಇದ್ದರೆ ಕೊನೆಯ ಸೊನ್ನೆಯೂ ಉಳಿಯಿತು. ಬೆಳೆಗಾರರು ಆ ಸೊನ್ನೆಯನ್ನೂ ನೋಡುತ್ತಾರೆ, ಅಲ್ವಾ?

ಮತ್ತೆ ಸಿಕ್ಕಿಬಿದ್ದದ್ದು ಲೆಕ್ಕ ಇಡುವ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ. ಕಾಲಂಗೆ ಡೆಸಿಮಲ್ ಅಂತ ಹೆಸರಿಟ್ಟರೂ ಒಳಗೆ ಅದು ಫ್ಲೋಟ್ ಆಗಿಯೇ ಇಡುತ್ತದೆ. ಈಗ ಟೆಕ್ಸ್ಟ್ ಕಾಲಂ. ಬ್ರೌಸರ್‌ಗೂ ಅಂಕಿಯನ್ನು ಕೋಟ್ಸ್ ಒಳಗಿಟ್ಟೇ ಕಳಿಸುತ್ತೇನೆ. ರೌಂಡಿಂಗ್‌ಗೆ ಹಾಫ್ ಅಪ್ (ಅರ್ಧ ಬಂದರೆ ಮೇಲಕ್ಕೆ) ಅಂತ ಬಾಯಿಬಿಟ್ಟು ಹೇಳಲೇಬೇಕು. ಹೇಳದಿದ್ದರೆ ಡೆಸಿಮಲ್ ಅರ್ಧ ಪೈಸೆಯನ್ನು ಹತ್ತಿರದ ಸಮಸಂಖ್ಯೆಗೆ ತಳ್ಳುತ್ತದೆ.

ನಡುವೆ ಒಂದು ಮಳೆಗಾಲ ಎಲ್ಲವನ್ನೂ ಪೈಸೆ, ಗ್ರಾಂ ಅಂತ ಪೂರ್ಣಾಂಕದಲ್ಲೇ ಇಟ್ಟು ನೋಡಿದೆ. ಕೂಡಿ ಕಳೆಯಲು ಸೊಗಸು. ಔಟ್‌ಟರ್ನ್‌ಗೆ ಪಾಯಿಂಟ್ ದರ (ಔಟ್‌ಟರ್ನ್‌ನ ಒಂದೊಂದು ಪಾಯಿಂಟಿಗೆ ಸಿಗುವ ಬೆಲೆ) ಗುಣಿಸುವಾಗ ಮಾತ್ರ ಎಷ್ಟು ಸೊನ್ನೆ ತೆಗೆಯಬೇಕು ಅನ್ನೋದೇ ತಲೆನೋವು. ಒಂದು ಚೀಟಿಯಲ್ಲಿ ಮೊತ್ತ ಹತ್ತು ಪಟ್ಟು ಬಂತು. ಬಿಟ್ಟೆ.

ನಿಧಾನದ ಮಾತೂ ನಿಲ್ಲಲಿಲ್ಲ. ಪೈಥಾನ್ 3.3ರಿಂದ ಡೆಸಿಮಲ್ ಸಿ ಭಾಷೆಯಲ್ಲೇ ಇದೆ. ನಲವತ್ತು ಸಾವಿರದಷ್ಟು ಸಾಲು ಓದಿಸಿದೆ, ಅರ್ಧ ಸೆಕೆಂಡೂ ಹೆಚ್ಚಾಗಲಿಲ್ಲ.

ಒಂದು ಲಾಟನ್ನು ನಾಲ್ಕು ಪಾಲುದಾರರಿಗೆ ಹಂಚುವಾಗ ಮಿಗುವ ಪೈಸೆ ಯಾರಿಗೆ ಸೇರಬೇಕು ಅನ್ನೋದಕ್ಕೂ ದಾರಿ ಕಂಡುಕೊಂಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ. ಮೊನ್ನೆ ಸಿದ್ದಾಪುರದ ಇನ್ನೊಂದು ಗೋದಾಮಿನವರು ಇದನ್ನೇ ಕೇಳಿ 18,000 ರೂಪಾಯಿಗೆ ಒಪ್ಪಿದ್ದಾರೆ.